ರಾತ್ರಿ ತಿರುಗುವ ಮೀಟರ್

ಎಲ್ಲರೂ ಮಲಗಿದ ಮೇಲೆ ನಿಮ್ಮ ಮನೆಯ ನೀರಿನ ಮೀಟರನ್ನು ಎಂದಾದರೂ ಹೋಗಿ ನೋಡಿದ್ದೀರಾ? 'ಹಗಲಲ್ಲೇ ನೋಡಿಲ್ಲ ಸರ್, ರಾತ್ರಿ ಯಾರು ನೋಡ್ತಾರೆ' ಅಂತೀರಿ. ನಾನೂ ನೋಡಿದವನಲ್ಲ. ನೋಡಲೇಬೇಕಾಗಿ ಬಂತು.

ವಾಸ್ಕೋದ ಹತ್ತಿರ ನಾನು ಬಾಡಿಗೆಗಿದ್ದ ಚಾಳಿನಲ್ಲಿ ಆರು ಖೋಲಿ. ಆರಕ್ಕೂ ಸೇರಿ ಒಂದೇ ಮೀಟರ್, ಒಂದೇ ಟಾಕಿ, ಅಂಗಳದಲ್ಲಿ ಒಂದೇ ನಳ. (ಮೈಸೂರು ಕಡೆಯವರು ನಲ್ಲಿ ಅನ್ನುತ್ತಾರೆ. ನಮ್ಮ ವಿಜಯಪುರ, ಬಾಗಲಕೋಟೆ, ಗದಗದವರಿಗೆ ಅದು ನಳ. ಇಲ್ಲಿಯ ಕೊಂಕಣಿ, ಮರಾಠಿ ಮಂದಿಗೂ ನಳವೇ. ಹಾಗಾಗಿ ನಳ ಅಂತಲೇ ಬರೆಯುತ್ತೇನೆ.) ತಿಂಗಳ ನೀರಿನ ಬಿಲ್ಲನ್ನು ಆರು ಪಾಲು ಮಾಡಿ ಕೊಡುತ್ತಿದ್ದೆವು. ಒಂದು ಫೆಬ್ರವರಿಯಲ್ಲಿ ಬಿಲ್ಲು ಇದ್ದಕ್ಕಿದ್ದಂತೆ ಎರಡು ಪಟ್ಟು ದಾಟಿತು. ಮಾರ್ಚಿನಲ್ಲೂ ಅಷ್ಟೇ.

ಜನವರಿ ಕೊನೆಗೆ ಕೊನೆಯ ಖೋಲಿಗೆ ಕೊಪ್ಪಳ ಕಡೆಯ ಒಂದು ಸಂಸಾರ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು, ಮಗಳು ನಮ್ಮ ಶಾಲೆಯಲ್ಲೇ ಒಂಬತ್ತನೇ ಇಯತ್ತೆ. 'ಇವರು ಬಂದ ಮ್ಯಾಲೇ ಬಿಲ್ ಏರಿದ್ದು' ಎಂದು ಒಬ್ಬರು ಶುರು ಮಾಡಿದರು; ಉಳಿದವರು ಹೂಂ ಅಂದರು. ಮಾಲಕಿ ಬಂದು, ತಿಂಗಳ ಕೊನೆಗೆ ಖೋಲಿ ಖಾಲಿ ಮಾಡಿ ಅಂದುಬಿಟ್ಟರು. ಆ ಹೆಣ್ಣುಮಗಳು ನನ್ನ ಬಾಗಿಲಿಗೆ ಬಂದು ಹೇಳಿದ್ದು ಇಷ್ಟೇ: 'ಸರ, ನಾವು ಮುಂಜಾನೆ ಆರಕ್ಕ ಹೋದ್ರ ರಾತ್ರಿ ಎಂಟಕ್ಕ ಬರ್ತೀವ್ರಿ. ಇಷ್ಟ್ ನೀರು ಯಾವಾಗ ಚೆಲ್ಲೂಣು?'

ಪ್ರಶ್ನೆ ಸರಿಯಾಗಿತ್ತು. ಒಂದರ ಹಿಂದೆ ಒಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಅಂತ ಹೇಳಲಾಗದು ಎಂದು ನಾನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಮನೆ ಬಾಗಿಲಿಗೆ ಬಂದಾಗ ನಾನೂ ಸುಮ್ಮನೆ ಕೂತಿದ್ದೆ. ಮರುದಿನ ಎಂಟು, ಒಂಬತ್ತನೇ ಇಯತ್ತೆಯ ನಾಲ್ಕು ಹುಡುಗರು, ಮೂವರು ಹುಡುಗಿಯರು ಸೇರಿ ಒಂದು ಸಣ್ಣ ತನಿಖೆ ನಡೆಸಿದೆವು. ಆ ತನಿಖೆಯನ್ನು ನೀವೂ ನಿಮ್ಮ ಮನೆಯಲ್ಲಿ ಮಾಡಬಹುದು. ಖರ್ಚಿಲ್ಲ. ಒಂದು ಬ್ಯಾಟರಿ, ಒಂದು ಪೆನ್ನು, ಒಂದು ಚೀಟಿ ಸಾಕು.

ಮೊದಲು ಮೀಟರಿನ ಮುಚ್ಚಳ ತೆಗೆದು ಗಾಜು ಒರೆಸಿ. ಒಳಗೆ ಸಾಲಾಗಿ ಅಂಕಿಗಳಿವೆ. ಕಪ್ಪು ಅಂಕಿಗಳು ಘನಮೀಟರ್ ತೋರಿಸುತ್ತವೆ; 1 ಘನಮೀಟರ್ ಎಂದರೆ 1000 ಲೀಟರ್. ಕೆಂಪು ಅಂಕಿ ಅಥವಾ ಕೆಂಪು ಮುಳ್ಳುಗಳು ಅದರ ಭಾಗಗಳು: ಹತ್ತನೇ ಒಂದು, ನೂರನೇ ಒಂದು, ಹೀಗೆ. ಮಧ್ಯದಲ್ಲಿ ಒಂದು ಪುಟ್ಟ ನಕ್ಷತ್ರದಂಥ ಅಥವಾ ತ್ರಿಕೋನದಂಥ ಚಕ್ರ ಕಾಣುತ್ತದೆ. ಅದೇ ನಮ್ಮ ಗೂಢಚಾರ. ಮೀಟರಿನ ಒಳಗೆ ರೆಕ್ಕೆಗಳಿರುವ ಒಂದು ಗಾಲಿ ಇರುತ್ತದೆ, ನೀರು ಅದನ್ನು ತಳ್ಳುತ್ತಾ ಹೋಗುತ್ತದೆ, ಗಾಲಿ ಸುತ್ತಿದ್ದನ್ನು ಹಲ್ಲುಚಕ್ರಗಳು ಎಣಿಸುತ್ತವೆ. ಜಾತ್ರೆಯಲ್ಲಿ ಕೊಳ್ಳುವ ಗಾಳಿಪಂಕ ಗಾಳಿಗೆ ತಿರುಗುತ್ತದಲ್ಲ, ಇದು ನೀರಿಗೆ. ದೊಡ್ಡ ಅಂಕಿ ಒಂದು ಹೆಜ್ಜೆ ಮುಂದೆ ಸರಿಯಲು ತಾಸುಗಟ್ಟಲೆ ಬೇಕಾಗಬಹುದು; ಆದರೆ ತೆಳ್ಳಗೆ ನೀರು ಹರಿದರೂ ಈ ಪುಟ್ಟ ಚಕ್ರ ಅಲುಗಾಡುತ್ತದೆ.

ಪರೀಕ್ಷೆ ಹೀಗೆ. ನೀರು ಬರುವ ಹೊತ್ತಿನಲ್ಲೇ ಇದನ್ನು ಮಾಡಬೇಕು, ಯಾಕೆಂದರೆ ನೀರಿಲ್ಲದ ಹೊತ್ತಿನಲ್ಲಿ ಮೀಟರ್ ಏನೂ ಹೇಳದು. ನೀರು ಬರುವ ಮುಂಚೆ ನಳ 'ಸುಸ್' ಅಂತ ಗಾಳಿ ಬಿಡುತ್ತದಲ್ಲ, ಆ ಗಾಳಿಯೂ ಗಾಲಿಯನ್ನು ತಿರುಗಿಸಬಲ್ಲದು. ಹಾಗಾಗಿ ನೀರು ಸರಿಯಾಗಿ ಶುರುವಾಗಿ ಅರ್ಧ ತಾಸು ಆಗಲಿ. ಎಲ್ಲ ನಳ ಬಂದ್ ಮಾಡಿ. ಟಾಕಿಗೆ ನೀರು ಹೋಗುವ ಕೊಳವೆಯ ವಾಲ್ವನ್ನೂ ಬಂದ್ ಮಾಡಿ. ಈಗ ಮೀಟರಿನ ಅಂಕಿ ಬರೆದುಕೊಳ್ಳಿ. ಒಂದು ತಾಸು ಯಾರೂ ನೀರು ಮುಟ್ಟಬಾರದು. ಮತ್ತೆ ಬರೆದುಕೊಳ್ಳಿ.

ನಮ್ಮ ಚಾಳಿಗೆ ಆಗ ನೀರು ಬರುತ್ತಿದ್ದದ್ದು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ, ಏಳು ತಾಸು. ಹನ್ನೊಂದಕ್ಕೆ ಎಲ್ಲ ಬಂದ್ ಮಾಡಿಸಿ ಕೂತೆವು. ಆರು ಖೋಲಿಯವರೂ ಹೊರಗೆ ನಿಂತಿದ್ದರು, ಯಾರೂ ಕದ್ದು ನೀರು ಹಿಡಿಯಬಾರದಲ್ಲ! ಬ್ಯಾಟರಿ ಬೆಳಕಿನಲ್ಲಿ ಪುಟ್ಟ ಚಕ್ರ ತಿರುಗುತ್ತಲೇ ಇತ್ತು. ಹನ್ನೆರಡಕ್ಕೆ ನೋಡಿದರೆ 64 ಲೀಟರ್ ಹೋಗಿತ್ತು. ಯಾರೂ ಒಂದು ಚೊಂಬು ಹಿಡಿದಿಲ್ಲ, 64 ಲೀಟರ್ ಮಾತ್ರ ಎಲ್ಲಿಗೋ ಹೋಗಿದೆ. ಏಳು ತಾಸಿಗೆ 448 ಲೀಟರ್. ಮೂವತ್ತು ರಾತ್ರಿಗೆ 13,440 ಲೀಟರ್. ಅಂದರೆ ಹದಿಮೂರೂವರೆ ಘನಮೀಟರ್ ಹತ್ತಿರ ಹತ್ತಿರ. ಬಿಲ್ಲಿನಲ್ಲಿ ಏರಿದ್ದೂ ಅಜಮಾಸು ಅಷ್ಟೇ.

ಅದು ಎಷ್ಟು ದೊಡ್ಡ ಸಂಖ್ಯೆ ಅಂತ ತಿಳಿಯಲು ಇನ್ನೊಂದು ಸಂಖ್ಯೆ ನೋಡೋಣ. 2021ರ ಸೆಪ್ಟೆಂಬರಿನಲ್ಲಿ ಗೋವಾ ಸರಕಾರ ಮನೆಗಳಿಗೆ ತಿಂಗಳಿಗೆ 16,000 ಲೀಟರ್ ವರೆಗೆ ನೀರು ಉಚಿತ ಎಂಬ ಯೋಜನೆ ಜಾರಿಗೆ ತಂದಿತು. 16,000 ಯಾಕೆ? ನಮ್ಮ ದೇಶದಲ್ಲಿ ನಗರದ ನೀರು ಸರಬರಾಜಿಗೆ ಹಾಕುವ ಲೆಕ್ಕ ದಿನಕ್ಕೆ ತಲಾ 135 ಲೀಟರ್. ನಾಲ್ಕು ಜನಕ್ಕೆ 540. ಮೂವತ್ತು ದಿನಕ್ಕೆ 16,200. ಅಂದರೆ 16,000 ಲೀಟರ್ ಎಂದರೆ ನಾಲ್ಕು ಜನರ ಒಂದು ಸಂಸಾರ ತಿಂಗಳಿಡೀ ಸ್ನಾನ, ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಮಾಡುವಷ್ಟು ನೀರು. ನಮ್ಮ ಚಾಳಿನಲ್ಲಿ ಏಳನೆಯ ಸಂಸಾರವೊಂದು ನೆಲದಡಿಯಲ್ಲಿ ಬಾಡಿಗೆ ಇಲ್ಲದೆ ವಾಸವಾಗಿತ್ತು ಅಂತಿಟ್ಟುಕೊಳ್ಳಿ.

ಇಷ್ಟು ನೀರು ಹೋಗಲು ತೂತು ಎಷ್ಟು ದೊಡ್ಡದಿರಬೇಕು? ಹುಡುಗರು 'ಬೆರಳು ತೂರುವಷ್ಟು' ಅಂದರು. ಲೆಕ್ಕ ಬೇರೆ ಹೇಳುತ್ತದೆ.

ಗೆಲಿಲಿಯೋನ ಶಿಷ್ಯ ಟೊರಿಚೆಲ್ಲಿ 17ನೇ ಶತಮಾನದಲ್ಲೇ ಇದನ್ನು ಕಂಡುಕೊಂಡಿದ್ದ. ಪಾತ್ರೆಯ ತಳದ ತೂತಿನಿಂದ ಹೊರಬರುವ ನೀರಿನ ವೇಗ, ನೀರಿನ ಮೇಲ್ಮಟ್ಟದಿಂದ ಅಷ್ಟೇ ಎತ್ತರ ಕೆಳಗೆ ಬಿದ್ದ ಕಲ್ಲಿನ ವೇಗಕ್ಕೆ ಸಮ. ಒಂಬತ್ತನೇ ಇಯತ್ತೆಯಲ್ಲಿ ಕಲಿತ ಸೂತ್ರವೇ: ವೇಗದ ವರ್ಗ = 2 × ಗುರುತ್ವ ವೇಗೋತ್ಕರ್ಷ × ಎತ್ತರ. ಕೊಳವೆಯಲ್ಲಿ 10 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಇದೆ ಅಂತ ಇಟ್ಟುಕೊಳ್ಳಿ. 2 × 9.8 × 10 = 196. ಇದರ ವರ್ಗಮೂಲ 14. ಸೆಕೆಂಡಿಗೆ 14 ಮೀಟರ್, ತಾಸಿಗೆ 50 ಕಿಲೋಮೀಟರ್! ಕದಂಬ ಬಸ್ಸಿನ ವೇಗ. ಮಣ್ಣಿನೊಳಗೆ ಇದು ನಮಗೆ ಕಾಣುವುದಿಲ್ಲ ಅಷ್ಟೇ.

ಈಗ 1 ಮಿಲಿಮೀಟರ್ ಅಗಲದ ಒಂದು ತೂತು ತೆಗೆದುಕೊಳ್ಳಿ. ಅದರ ವಿಸ್ತೀರ್ಣ 0.785 ಚದರ ಮಿಲಿಮೀಟರ್. ವೇಗದಿಂದ ಗುಣಿಸಿ. ಚೂಪಾದ ಅಂಚಿನ ತೂತಿನಿಂದ ಬರುವ ಧಾರೆ ಸ್ವಲ್ಪ ಸೊರಗುತ್ತದೆ, ಆದ್ದರಿಂದ ಮತ್ತೆ ಸುಮಾರು 0.6ರಿಂದ ಗುಣಿಸಬೇಕು. ಸೆಕೆಂಡಿಗೆ 6.6 ಮಿಲಿಲೀಟರ್ ಬರುತ್ತದೆ, ಒಂದು ಚಮಚಕ್ಕಿಂತ ತುಸು ಹೆಚ್ಚು. ಏನ್ ಮಹಾ ಅನ್ನಿಸುತ್ತದೆ. ತಾಸಿಗೆ 24 ಲೀಟರ್ ಹತ್ತಿರ, ದಿನಕ್ಕೆ 570 ಲೀಟರ್. ಇಪ್ಪತ್ತೆಂಟು ದಿನಕ್ಕೆ 16,000 ಲೀಟರ್. ದಿನವಿಡೀ ನೀರು ಬರುವ ಊರಿನಲ್ಲಿ ಒಂದು ಮಿಲಿಮೀಟರಿನ ತೂತು ನಾಲ್ಕು ಜನರ ಸಂಸಾರದಷ್ಟು ಕುಡಿಯುತ್ತದೆ. ತೂತು 2 ಮಿಲಿಮೀಟರ್ ಆದರೆ? ವಿಸ್ತೀರ್ಣ ನಾಲ್ಕು ಪಟ್ಟು, ಆದ್ದರಿಂದ ಒಂದೇ ವಾರ ಸಾಕು.

ನಮ್ಮ ತೂತನ್ನು ಅಗೆಯುವ ಮೊದಲೇ ಲೆಕ್ಕ ಹಾಕಿದೆವು. ತಾಸಿಗೆ 64 ಲೀಟರನ್ನು 24ರಿಂದ ಭಾಗಿಸಿದರೆ 2.7, ಅದರ ವರ್ಗಮೂಲ 1.6. ಒತ್ತಡ 10 ಮೀಟರ್ ಎಂದೇ ಹಿಡಿದರೆ ತೂತು 1.6 ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಷ್ಟು. ಇದನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟೆವು.

ಹನಿ ಹನಿ ತೊಟ್ಟಿಕ್ಕುವ ನಳದ ಬಗ್ಗೆ ಎಲ್ಲ ಭಿತ್ತಿಪತ್ರಗಳಲ್ಲೂ ಬರೆದಿರುತ್ತಾರೆ. ಅದನ್ನೂ ಅಳೆದು ನೋಡಿ. ಟಾನಿಕ್ ಬಾಟಲಿಯ ಮೇಲಿನ ಅಳತೆ ಮುಚ್ಚಳ ಹಿಡಿದು, 10 ಮಿಲಿಲೀಟರ್ ತುಂಬಲು ಎಷ್ಟು ಹನಿ ಬೇಕು ಅಂತ ಎಣಿಸಿ. ನೂರು ಹನಿ ಬೇಕಾಯಿತು ಅನ್ನಿ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, 8.6 ಲೀಟರ್, ತಿಂಗಳಿಗೆ 260 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವವರಿಗೆ ಅದೇನೂ ಸಣ್ಣದಲ್ಲ, ವಾಷರ್ ಬದಲಿಸಲೇಬೇಕು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಕಣ್ಣಿಗೆ ಬೀಳುವ ಹನಿಗಿಂತ ಕಣ್ಣಿಗೆ ಬೀಳದ ತೂತೇ ದೊಡ್ಡ ಕಳ್ಳ. ಕಾಣುವ ಹನಿಯನ್ನು ಬೈದುಕೊಂಡು ಕಾಣದ ಧಾರೆಯನ್ನು ಹರಿಯಲು ಬಿಟ್ಟಿರುತ್ತೇವೆ.

ಇನ್ನು ಜಾಗ ಹುಡುಕುವುದು. ಟಾಕಿಯ ವಾಲ್ವ್ ಬಂದ್ ಮಾಡಿದಾಗಲೂ ಮೀಟರ್ ತಿರುಗಿತು ಅಂದರೆ ತೂತು ಮೀಟರಿಗೂ ಟಾಕಿಗೂ ನಡುವೆಯೇ ಇದೆ. ತಿರುಗದೆ ನಿಂತಿದ್ದರೆ ಟಾಕಿಯಲ್ಲೋ, ಟಾಕಿಯಿಂದ ಕೆಳಗೆ ಬರುವ ಕೊಳವೆಯಲ್ಲೋ ಇರುತ್ತಿತ್ತು. ಆಗ ಮೀಟರ್ ಬಿಟ್ಟು ಟಾಕಿಯನ್ನೇ ಅಳೆಯಬೇಕು: ರಾತ್ರಿ ಒಂದು ಕೋಲಿನಿಂದ ನೀರಿನ ಮಟ್ಟ ಅಳೆದು, ಬೆಳಿಗ್ಗೆ ಯಾರೂ ನೀರು ಬಳಸುವ ಮುಂಚೆ ಮತ್ತೆ ಅಳೆಯಿರಿ. ಒಂದು ಮೀಟರ್ ಅಗಲದ ದುಂಡನೆಯ ಟಾಕಿಯಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚು ಕಡಿಮೆ 8 ಲೀಟರ್ ಹೋಗಿದೆ ಅಂತ ಅರ್ಥ. (ಟಾಕಿ ಹತ್ತುವ ಕೆಲಸ ದೊಡ್ಡವರದು, ನೀವು ಕೆಳಗೆ ನಿಂತು ಅಂಕಿ ಬರೆದುಕೊಳ್ಳಿ.) ಟಾಕಿಯ ಮಟ್ಟ ನಮ್ಮ ನಳಕ್ಕಿಂತ ಎರಡೂವರೆ ಮೀಟರ್ ಮೇಲಿದ್ದರೆ ಸೂತ್ರದ ಪ್ರಕಾರ ವೇಗ 7 ಮೀಟರ್. ಎತ್ತರ ಕಾಲು ಭಾಗಕ್ಕೆ ಇಳಿದರೂ ವೇಗ ಅರ್ಧಕ್ಕೆ ಮಾತ್ರ ಇಳಿಯಿತು, ಗಮನಿಸಿ. ಸಂಡಾಸಿನ ಫ್ಲಶ್ ಟಾಕಿ ಇರುವ ಮನೆಯವರು ಅದರೊಳಗೆ ಸ್ವಲ್ಪ ನೀಲಿ ಶಾಯಿ ಹಾಕಿ ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಬಿಡಿ. ಕೆಳಗೆ ಬಣ್ಣ ಇಳಿದಿದ್ದರೆ ಒಳಗಿನ ರಬ್ಬರ್ ಹೋಗಿದೆ.

ನಮ್ಮದು ನೆಲದಡಿಯ ಕೊಳವೆ. ಉದ್ದ ಹದಿನೈದು ಹೆಜ್ಜೆ. ಎಲ್ಲಿ ಅಗೆಯುವುದು? ನೀರು ಸರಬರಾಜಿನ ಹಳೆಯ ಕೆಲಸಗಾರರು ಉದ್ದನೆಯ ಕಬ್ಬಿಣದ ಸರಳನ್ನು ನೆಲಕ್ಕೆ ಊರಿ ಇನ್ನೊಂದು ತುದಿಗೆ ಕಿವಿ ಇಟ್ಟು ಕೇಳುತ್ತಾರೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 340 ಮೀಟರ್ ಹೋದರೆ ಉಕ್ಕಿನಲ್ಲಿ 5,000 ಮೀಟರ್ ಆಸುಪಾಸು ಹೋಗುತ್ತದೆ, ದಾರಿಯಲ್ಲಿ ಹೆಚ್ಚು ಚದುರುವುದೂ ಇಲ್ಲ. ಕಿಟಕಿಯ ಒಂದು ಹಳೆಯ ಸರಳು ಹಿಡಿದು ಹುಡುಗರು ಸರದಿಯಲ್ಲಿ ಕೇಳುತ್ತಾ ಹೋದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದಾಗ ಕೊಪ್ಪಳದವರ ಮಗಳು ಕೈ ಎತ್ತಿದಳು. 'ಸರ್, ಸುಯ್ ಅಂತೈತ್ರಿ.' ನಾನೂ ಕಿವಿ ಇಟ್ಟೆ. ಕುಕ್ಕರ್ ಸೀಟಿ ಹೊಡೆಯುವ ಮುಂಚಿನ ಸದ್ದು.

ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಆ ಕಲ್ಲಿನ ಪಕ್ಕದಲ್ಲಿ ಕೆಸುವಿನ ಒಂದು ಪೊದೆ ಇತ್ತು. ಮಾರ್ಚ್ ತಿಂಗಳು, ಗೋವೆಯಲ್ಲಿ ಅಕ್ಟೋಬರ್ ಕಳೆದರೆ ಜೂನ್ ವರೆಗೆ ಮಳೆ ಇಲ್ಲವೆನ್ನುವಷ್ಟು ಕಡಿಮೆ, ಅಂಗಳದ ಬೇರೆಲ್ಲ ಹಸಿರು ಒಣಗಿ ಕೆಂಪು ಮುರಕಲ್ಲು ಕಾಣುತ್ತಿದೆ. ಕೆಸು ಮಾತ್ರ ಆನೆಕಿವಿಯಂಥ ಎಲೆ ಬಿಟ್ಟುಕೊಂಡು ನಿಂತಿದೆ. ದಿನಾ ಅದರ ಮುಂದೆಯೇ ಹಾದುಹೋಗಿದ್ದೇವೆ. ಒಣ ಕಾಲದಲ್ಲಿ ಒಂದೇ ಕಡೆ ಹಸಿರು, ಗೋಡೆಯ ಬುಡದಲ್ಲಿ ಪಾಚಿ, ಒಂದೇ ಜಾಗದಲ್ಲಿ ಇರುವೆಯ ಸಾಲು ತಪ್ಪದೆ ಇರುವುದು: ಇವನ್ನೆಲ್ಲ ಓದಲು ಸರಳೂ ಬೇಕಿಲ್ಲ, ಸೂತ್ರವೂ ಬೇಕಿಲ್ಲ.

ಅಗೆದಾಗ ಸಿಕ್ಕಿದ್ದು ಜಿ.ಐ. ಕೊಳವೆಯ ಒಂದು ಮೊಳಕೈ. ಅದರ ಬೆನ್ನಿನಲ್ಲಿ ಅಂಚು ಹರಕಾದ, ಸಾಸಿವೆಗಿಂತ ತುಸು ದೊಡ್ಡ ತೂತು. ಗೋಡೆಯ ಮೇಲೆ ಬರೆದ ಅಂಕಿ ನೋಡಿ ಹುಡುಗರು ಕುಣಿದಾಡಿದರು. ಜಿ.ಐ. ಅಂದರೆ ಸತು ಬಳಿದ ಕಬ್ಬಿಣ. ಕ್ರಿಯಾಶೀಲತೆಯ ಸರಣಿಯಲ್ಲಿ ಸತು ಕಬ್ಬಿಣಕ್ಕಿಂತ ಮೇಲಿದೆ, ಆದ್ದರಿಂದ ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತು ಮುಗಿದ ದಿನ ಕಬ್ಬಿಣದ ಸರದಿ. ಪಾನಾ ಹಾಕಿ ತಿರುಗಿಸಿದಾಗ ಗೀರಿದ ಕಡೆ, ಮರೆ ಕೊರೆದ ಕಡೆ ಸತು ಮೊದಲೇ ಹೋಗಿರುತ್ತದೆ. ನೀವು ಕಡಲಿನ ಹತ್ತಿರ ಇದ್ದೀರಿ. ಗಾಳಿಯಲ್ಲಿ, ಮಣ್ಣಿನಲ್ಲಿ ಉಪ್ಪು ಇದೆ, ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಆದ್ದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ಬೇಗ ಬೇಗ ನಡೆಯುತ್ತದೆ. ಕಬ್ಬಿಣದ ಕೊಳವೆಗೆ ನೇರವಾಗಿ ಹಿತ್ತಾಳೆಯ ನಳ ಕೂಡಿಸಿದಲ್ಲಿ ಎರಡು ಲೋಹ, ನಡುವೆ ನೀರು, ಒಂದು ಪುಟ್ಟ ವಿದ್ಯುತ್ ಕೋಶವೇ ಆಯಿತು. ಅಲ್ಲಿ ಸವೆಯುವುದು ಕೊಳವೆಯೇ.

ಇಲ್ಲಿಯವರೆಗೆ ಹೇಳಿದ್ದು ನಿಧಾನವಾಗಿ ಸೋರುವ ತೂತಿನ ಕಥೆ. ಕೊಳವೆ ಫಟ್ ಅಂತ ಒಡೆದು ಮನೆಯೊಳಗೆ ನೀರು ಚಿಮ್ಮಿದಾಗ ತನಿಖೆಗೆ ಸಮಯ ಇರುವುದಿಲ್ಲ. ಆಗ ಎಲ್ಲರೂ ಓಡುವುದು ಬಟ್ಟೆ, ಬಕೆಟ್ ತರಲು. ಓಡಬೇಕಾದದ್ದು ವಾಲ್ವಿನ ಕಡೆ. ಮೀಟರಿನ ಪಕ್ಕದ ವಾಲ್ವ್ ಎಲ್ಲಿದೆ, ಟಾಕಿಯಿಂದ ಇಳಿಯುವ ಕೊಳವೆಯ ವಾಲ್ವ್ ಎಲ್ಲಿದೆ, ಇವತ್ತೇ ನೋಡಿಟ್ಟುಕೊಳ್ಳಿ, ತಿರುಗುತ್ತದೋ ಅಂತಲೂ ನೋಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ತುಕ್ಕು ಹಿಡಿದು ಬೇಕಾದ ದಿನ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ವಾಲ್ವ್ ಬಂದ್ ಮಾಡಿದ ಮೇಲೆ ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿನ ನಳ ಬಿಟ್ಟುಬಿಡಿ. ಕೊಳವೆಯಲ್ಲಿ ಉಳಿದ ನೀರು ಅಲ್ಲಿಂದ ಬಕೆಟಿಗೆ ಇಳಿಯುತ್ತದೆ, ಒಡೆದ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ.

ಆದರೆ ವಾಲ್ವಿಗಿಂತ ಮೊದಲು ಒಂದು ಸಲ ಗೋಡೆ ನೋಡಿ. ನೀರು ಸ್ವಿಚ್ ಬೋರ್ಡಿನ ಮೇಲೆ, ಪಂಪಿನ ಮೇಲೆ, ಫ್ರಿಜ್ಜಿನ ವೈರಿನ ಮೇಲೆ ಹರಿಯುತ್ತಿದೆಯೇ? ಹೌದಾದರೆ ಆ ನೀರಿನಲ್ಲಿ ಕಾಲಿಡಬೇಡಿ. ಮೇನ್ ಸ್ವಿಚ್ ಒಣ ಜಾಗದಲ್ಲಿದ್ದು, ನಿಮ್ಮ ಕೈಕಾಲು ಒಣಗಿದ್ದರೆ ದೊಡ್ಡವರು ಅದನ್ನು ಆಫ್ ಮಾಡಲಿ. ಮೇನ್ ಸ್ವಿಚ್ಚೇ ನೆಂದಿದ್ದರೆ ಯಾರೂ ಮುಟ್ಟದೆ ಹೊರಗೆ ಬಂದು ವಿದ್ಯುತ್ ಇಲಾಖೆಗೆ ಫೋನ್ ಮಾಡಬೇಕು. ಮನೆಗೆ ಹಾಕುವ ಆರ್‌ಸಿಸಿಬಿ ಎಂಬ ರಕ್ಷಕ ಸ್ವಿಚ್ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿದರೆ ಸಾಕು, ಕಡಿದುಕೊಳ್ಳುತ್ತದೆ. ಅಷ್ಟು ಕಡಿಮೆಗೆ ಯಾಕೆ ಇಟ್ಟಿದ್ದಾರೆ ಅಂದರೆ ಅದಕ್ಕಿಂತ ಹೆಚ್ಚಾದರೆ ಹೃದಯಕ್ಕೆ ಅಪಾಯ. ಎಷ್ಟೋ ಚಾಳುಗಳಲ್ಲಿ ಅದು ಇಲ್ಲ. ನೀರು ಹೋದರೆ ಬಿಲ್ಲು ಬರುತ್ತದೆ, ಅಷ್ಟೇ ತಾನೆ. ಅದಕ್ಕಾಗಿ ಯಾರೂ ನೆಂದ ಗೋಡೆ ಮುಟ್ಟಬೇಕಾಗಿಲ್ಲ.

ವಿದ್ಯುತ್ತಿನ ಭಯವಿಲ್ಲದ ಕಡೆ ಸಣ್ಣ ತೂತನ್ನು ತಾತ್ಕಾಲಿಕವಾಗಿ ಮುಚ್ಚಲು ಸೈಕಲ್ ಟ್ಯೂಬಿನ ಪಟ್ಟಿ ಸಾಕು. ಎಳೆದು ಎಳೆದು ಬಿಗಿಯಾಗಿ ಸುತ್ತಿ ಮೇಲೆ ತಂತಿ ಬಿಗಿಯಿರಿ. ತಾಸಿಗೆ 50 ಕಿಲೋಮೀಟರ್ ವೇಗದ ಧಾರೆ ರಬ್ಬರಿಗೆ ನಿಲ್ಲುತ್ತದೆಯೇ? ನಿಲ್ಲುತ್ತದೆ. 10 ಮೀಟರ್ ಎತ್ತರದ ನೀರಿನ ಒತ್ತಡ ಎಂದರೆ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ತೂಕ. 2 ಮಿಲಿಮೀಟರ್ ತೂತಿನ ವಿಸ್ತೀರ್ಣ ಚದರ ಸೆಂಟಿಮೀಟರಿನ ನೂರನೇ ಮೂರು ಭಾಗ. ಹಾಗಾಗಿ ಅದನ್ನು ಮುಚ್ಚಿಹಿಡಿಯಲು ಬೇಕಾದ ಬಲ ಬರೀ 31 ಗ್ರಾಂ ತೂಕದಷ್ಟು, ಹತ್ತು ರೂಪಾಯಿಯ ನಾಲ್ಕು ನಾಣ್ಯಗಳ ಭಾರ! ಬೆರಳಿನಿಂದಲೂ ತಡೆಯಬಹುದು, ಬೆರಳನ್ನು ಎಷ್ಟು ಹೊತ್ತು ಇಟ್ಟಿರುತ್ತೀರಿ ಅನ್ನುವುದಷ್ಟೇ ಪ್ರಶ್ನೆ.

ಶಾಶ್ವತ ರಿಪೇರಿ ಪ್ಲಂಬರನ ಕೆಲಸ, ಆದರೆ ಪಕ್ಕದಲ್ಲಿ ನಿಂತು ನೋಡಿ, ಅದೊಂದು ರಸಾಯನಶಾಸ್ತ್ರದ ಪ್ರಯೋಗ. ಎಂ-ಸೀಲಿನ ಎರಡು ಉಂಡೆಗಳನ್ನು ಬಣ್ಣ ಒಂದಾಗುವವರೆಗೆ ನಾದಿದಾಗ ಎರಡು ರಾಸಾಯನಿಕಗಳು ಕೂಡಿ ಉದ್ದುದ್ದ ಅಣುಗಳ ಬಲೆ ಹೆಣೆಯುತ್ತವೆ. ಕೈಗೆ ಬೆಚ್ಚಗೆ ಅನ್ನಿಸಿದರೆ ಕ್ರಿಯೆ ನಡೆಯುತ್ತಿದೆ ಅಂತ. ಪಿವಿಸಿ ಕೊಳವೆಗೆ ಹಚ್ಚುವ ಅಂಟು ನಿಜಕ್ಕೂ ಅಂಟಲ್ಲ, ಅದರಲ್ಲಿರುವ ದ್ರಾವಕ ಎರಡೂ ಮೈಗಳನ್ನು ತುಸು ಕರಗಿಸಿ ಒಂದರೊಳಗೊಂದು ಬೆಸೆಯುತ್ತದೆ. ಎರಡಕ್ಕೂ ಒಣ ಮೈ ಬೇಕು, ಒಣಗಲು ಸಮಯ ಬೇಕು. ಅವಸರ ಮಾಡಿ ನೀರು ಬಿಟ್ಟವರ ಮನೆಗೆ ಪ್ಲಂಬರ್ ಎರಡನೇ ಸಲ ಬರುತ್ತಾನೆ.

ಕೊಳವೆ ದೊಡ್ಡದಾದರೆ ನಾಣ್ಯದ ಲೆಕ್ಕ ನಡೆಯುವುದಿಲ್ಲ. 2019ರ ಆಗಸ್ಟ್ ನಡುವಿನಲ್ಲಿ, ಮಳೆ ಧೋ ಎಂದು ಸುರಿಯುತ್ತಿದ್ದಾಗ, ಪಣಜಿಯ ನಳಗಳು ಒಣಗಿದವು. ಫೋಂಡಾ ತಾಲೂಕಿನ ಖಾಂಡೇಪಾರ ಹೊಳೆಯ ದಂಡೆಯ ಓಪಾದಲ್ಲಿ ಪೋರ್ತುಗೀಜರ ಕಾಲದಲ್ಲೇ ಶುರುವಾದ ನೀರು ಶುದ್ಧೀಕರಣ ಕೇಂದ್ರವಿದೆ. ಅಲ್ಲಿಂದ ಹೊರಡುವ ಮುಖ್ಯ ಕೊಳವೆಗಳು ಹೆದ್ದಾರಿ ಕಾಮಗಾರಿ ನಡೆಯುತ್ತಿದ್ದ ಕಡೆ ಮಣ್ಣು ಜರುಗಿ ಒಡೆದವು. ತಿಸವಾಡಿ ತಾಲೂಕು, ಫೋಂಡಾದ ಭಾಗಗಳು ದಿನಗಟ್ಟಲೆ ಟ್ಯಾಂಕರಿಗೆ ಸಾಲು ನಿಂತವು. ಮಾಡಿನಿಂದ ಸುರಿಯುವ ಮಳೆನೀರಿಗೆ ಬಕೆಟ್ ಇಟ್ಟು ಪಾತ್ರೆ ತೊಳೆಯುವ ಸ್ಥಿತಿ. ಒಂದು ಮೀಟರ್ ಅಗಲದ ಕೊಳವೆಯಲ್ಲಿ 50 ಮೀಟರ್ ಎತ್ತರದ ನೀರಿನ ಒತ್ತಡ ಇದೆ ಅಂತ ಲೆಕ್ಕ ಹಾಕಿ ನೋಡಿ: ಅದರ ಬಾಯಿಯ ಮೇಲೆ ಬೀಳುವ ಬಲ 39 ಟನ್ ತೂಕದಷ್ಟು, ಅಂದರೆ ಮೂರು ನಾಲ್ಕು ಭರ್ತಿ ಬಸ್ಸುಗಳ ಭಾರ. ಕೊಳವೆ ತಿರುವು ತೆಗೆದುಕೊಳ್ಳುವಲ್ಲೆಲ್ಲ ಈ ಬಲ ಅದನ್ನು ಹೊರಗೆ ತಳ್ಳುತ್ತಿರುತ್ತದೆ. ತಡೆದು ಹಿಡಿದಿರುವುದು ಕಾಂಕ್ರೀಟಿನ ದಿಮ್ಮಿ ಮತ್ತು ಸುತ್ತಲಿನ ಮಣ್ಣು. ಮಣ್ಣೇ ಜಾರಿದರೆ ಕೊಳವೆಯ ಕೂಡಿಕೆ ಬಿಚ್ಚಿಕೊಳ್ಳುತ್ತದೆ.

ವಾಸ್ಕೋದವರಿಗೆ ಓಪಾದ ನೀರಲ್ಲ, ಸಾಂಗೆ ತಾಲೂಕಿನ ಸಾಳಾವಳಿ ಅಣೆಕಟ್ಟಿನ ನೀರು. ಆ ಜಲಾಶಯದ ಅಡಿಯಲ್ಲಿ ಕುರ್ಡಿ ಎಂಬ ಊರಿದೆ. ಗಾಯಕಿ ಮೊಗುಬಾಯಿ ಕುರ್ಡೀಕರ್ ಅವರ ಹುಟ್ಟೂರು. 1980ರ ದಶಕದಲ್ಲಿ ಊರವರು ಮನೆ, ಗದ್ದೆ, ತೋಟ ಬಿಟ್ಟು ಬೇರೆಡೆ ಹೋದರು, ಅಲ್ಲಿಯ ಹಳೆಯ ಮಹಾದೇವ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಬೇರೆ ಜಾಗದಲ್ಲಿ ಮತ್ತೆ ಕಟ್ಟಿದರು. ಈಗಲೂ ಪ್ರತಿ ಮೇ ತಿಂಗಳಲ್ಲಿ ನೀರು ಇಳಿದಾಗ ಮನೆಗಳ ಅಡಿಪಾಯ ಮೇಲೆ ಕಾಣುತ್ತದೆ, ಆ ಊರಿನ ಜನ ಬಂದು ಜಾತ್ರೆ ಮಾಡಿ ಹೋಗುತ್ತಾರೆ. ನಮ್ಮ ಕೆಸುವಿಗೆ ಹರಿದದ್ದು ಆ ನೀರು.

ಇನ್ನು ಒಂದು ಮಾತು, ಇದು ಬಿಲ್ಲಿಗಿಂತ ಮುಖ್ಯ. ತೂತಿನಿಂದ ನೀರು ಹೊರಗೆ ಹೋಗುತ್ತದೆ ಅಂತ ಮಾತ್ರ ತಿಳಿದಿದ್ದೇವೆ. ಒಳಗೂ ಬರುತ್ತದೆ. ನೀರು ಬರುವ ಹೊತ್ತಿನಲ್ಲಿ ಕೊಳವೆಯೊಳಗಿನ ಒತ್ತಡ ಹೊರಗಿಗಿಂತ ಹೆಚ್ಚು, ಆಗ ಸೋರಿಕೆ ಹೊರಮುಖ. ಬೆಳಿಗ್ಗೆ ಐದಕ್ಕೆ ನೀರು ನಿಂತಿತು ಅನ್ನಿ. ಕೊಳವೆ ಬರಿದಾಗುತ್ತಾ ಇಳಿಜಾರಿನ ಕಡೆ ನೀರು ಜಾರಿದಂತೆ ಮೇಲಿನ ಭಾಗದಲ್ಲಿ ಒತ್ತಡ ವಾಯುಮಂಡಲದ ಒತ್ತಡಕ್ಕಿಂತಲೂ ಕೆಳಗೆ ಇಳಿಯಬಹುದು. ಸ್ಟ್ರಾ ಹಾಕಿ ಸೋಡಾ ಹೀರಿದಂತೆ ತೂತಿನ ಸುತ್ತಲಿನ ಕೆಸರು ಒಳಗೆ ಬರುತ್ತದೆ. ಯಾರಾದರೂ ಸರಬರಾಜು ಕೊಳವೆಗೇ ನೇರ ಮೋಟರ್ ಹಚ್ಚಿ ಎಳೆದರಂತೂ ಕೇಳುವುದೇ ಬೇಡ. ಮನೆಗಳ ಕೊಳವೆಗಳು ಗಟಾರದೊಳಗಿಂದ, ಗಟಾರದ ಪಕ್ಕದಿಂದ ಹಾದುಹೋಗುವುದನ್ನು ನೀವೇ ನೋಡಿದ್ದೀರಿ. ಶುದ್ಧೀಕರಣ ಕೇಂದ್ರದಲ್ಲಿ ಹಾಕಿದ ಕ್ಲೋರಿನ್ ನಿಮ್ಮ ನಳದವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುವುದು ಭಾರತೀಯ ಮಾನಕ. ಆ ಇಷ್ಟು ಕ್ಲೋರಿನ್ ಚೂರುಪಾರು ಕೊಳೆಯ ಜೊತೆ ಹೋರಾಡಬಲ್ಲದು, ಗಟಾರದ ಜೊತೆ ಅಲ್ಲ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಬರುವ ದಾರಿಗಳಲ್ಲಿ ಇದೂ ಒಂದು.

ಆದ್ದರಿಂದ ಸೋರುವ ಕೊಳವೆ ರಿಪೇರಿ ಆಗುವವರೆಗೆ, ಆದ ಮೇಲೂ ಒಂದೆರಡು ದಿನ, ನೀರು ಶುರುವಾದಾಗಿನ ಮೊದಲ ಬಕೆಟ್ಟನ್ನು ಕುಡಿಯಲು ಇಡಬೇಡಿ, ನೆಲ ಒರೆಸಲು ಬಳಸಿ. ಕುಡಿಯುವ ನೀರನ್ನು ಕೊತಕೊತ ಕುದಿ ಬಂದ ಮೇಲೆ ಇನ್ನೂ ಒಂದು ನಿಮಿಷ ಕುದಿಸಿ. ನೀರು ಕಲಕಾಗಿ, ವಾಸನೆಯಾಗಿ ಬಂದರೆ ಅದು ನಿಮ್ಮ ಮನೆಯ ಸಮಸ್ಯೆ ಮಾತ್ರ ಅಲ್ಲ, ಸಾಲುಮನೆಗಳ ಸಮಸ್ಯೆ. ಕೂಡಲೇ ಇಲಾಖೆಗೆ ತಿಳಿಸಿ. ಸಾಮಾನ್ಯವಾಗಿ ಮೀಟರಿನ ವರೆಗಿನ ಕೊಳವೆ ಇಲಾಖೆಯದು, ಮೀಟರಿನಿಂದ ಒಳಗಿನದು ಮನೆಯವರದು. ದೂರು ಕೊಡುವಾಗ 'ನೀರು ಸೋರ್ತಾ ಇದೆ' ಅಂದರೆ ಸಾಲದು. ಯಾವ ಗುಡಿ ಅಥವಾ ಅಂಗಡಿಯ ಎದುರು, ಎಂದಿನಿಂದ, ನೀರು ತಿಳಿಯೋ ಕೆಸರೋ, ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ ಏನು, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೇಳಿ. ಅಪ್ಪ ಅಮ್ಮನಿಗೆ ಕೊಂಕಣಿ ಬಾರದಿದ್ದರೆ ನಿಮಗಂತೂ ಬರುತ್ತದೆ. 'ಉದಾಕ್' ಅಂದರೆ ಸಾಕು, ಅರ್ಧ ಕೆಲಸ ಆಯಿತು. ನಮ್ಮ ಉದಕವೇ ಅದು.

ಚಾಳಿನ ಕಥೆ ಮುಗಿಸಿಬಿಡುತ್ತೇನೆ. ಮೊಳಕೈ ಬದಲಾಯಿಸಿದ ರಾತ್ರಿ ಮತ್ತೆ ಪರೀಕ್ಷೆ ಮಾಡಿದೆವು. ಪುಟ್ಟ ಚಕ್ರ ನಿಂತಿತ್ತು. ಮೂರು ಚೀಟಿಗಳನ್ನೂ, ರಾತ್ರಿ ಹನ್ನೊಂದರದು, ಹನ್ನೆರಡರದು, ರಿಪೇರಿಯ ನಂತರದ್ದು, ಮಾಲಕಿಯ ಕೈಗೆ ಕೊಟ್ಟೆವು. ಅವರಿಗೆ ಕನ್ನಡ ಓದಲು ಬಾರದು, ಅಂಕಿ ಓದಲು ಬರುತ್ತದೆ. ಸ್ವಲ್ಪ ಹೊತ್ತು ನೋಡಿ, ಪ್ಲಂಬರನ ಖರ್ಚು ತಾನೇ ಕೊಡುವುದಾಗಿ ಹೇಳಿದರು. ಖೋಲಿ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ಮೊದಲು 'ಇವರೇ' ಅಂದಿದ್ದವರು ಕೊಪ್ಪಳದವರ ಹತ್ತಿರ ಏನೂ ಹೇಳಲಿಲ್ಲ. ಆ ವಾರ ಅವರ ಮನೆಯಿಂದ ಒಂದು ಬಟ್ಟಲು ಪಲ್ಯ ಹೋಯಿತು, ಅಷ್ಟು ನನಗೆ ಗೊತ್ತು.

ಏಪ್ರಿಲ್ ಕೊನೆಗೆ ಮಾಲಕಿ ಮತ್ತೆ ಬಂದರು, ಬಾಡಿಗೆಗೆ. ಒಗೆಯುವ ಕಲ್ಲಿನ ಹತ್ತಿರ ನಿಂತು ಕೇಳಿದರು: ಇಲ್ಲಿ ಕೆಸು ಎಷ್ಟು ಚಂದ ಇತ್ತು, ಎರಡು ತಿಂಗಳು ಪತ್ರೊಡೆಗೆ ಎಲೆ ಒಯ್ದಿದ್ದೆ, ಯಾಕೆ ಹೀಗೆ ಒಣಗಿತು?